ತುಳು, ಕೊಂಕಣಿ, ಕನ್ನಡ ಮೂರೂ ಕನ್ನಡ ಲಿಪಿಯಲ್ಲಿದ್ದರೆ ಭಾಷಾ ಟ್ಯಾಗ್ ಹೇಗೆ ಹಾಕಬೇಕು?

ಕಡಲತಡಿ ಓದುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಂಗಳೂರು ಕಡೆಯ ನಾವು ಕೆಲವರು ಸೇರಿ ಹಳೆಯ ಮಾಸಪತ್ರಿಕೆ, ಸಂಘಗಳ ಸ್ಮರಣ ಸಂಚಿಕೆ ಇಂಥವನ್ನೆಲ್ಲ ಟೈಪ್ ಮಾಡಿಸಿ ಒಂದು ವೆಬ್‌ಸೈಟಿನಲ್ಲಿ ಇಡುತ್ತಿದ್ದೇವೆ. ನಮ್ಮ ಕಡೆಯ ಸಂಚಿಕೆ ಅಂದರೆ ಗೊತ್ತಲ್ಲ, ಒಂದು ಪುಟದಲ್ಲಿ ಕನ್ನಡ ಲೇಖನ, ಅದರ ಮಗ್ಗುಲಲ್ಲೇ ತುಳು ಕವಿತೆ, ಪುಟ ತಿರುಗಿಸಿದರೆ ಕೊಂಕಣಿ ಕತೆ. ಮೂರೂ ಅಚ್ಚಾಗಿರುವುದು ಕನ್ನಡ ಲಿಪಿಯಲ್ಲೇ.

ಸೈಟ್ ಕಟ್ಟಿಕೊಟ್ಟವರು ಈಗ ಸಿಗುತ್ತಿಲ್ಲ. ಒಳಗೆ ನೋಡಿದರೆ ಭಾಷೆ ಬರೆಯುವ ಜಾಗದಲ್ಲಿ ಏನೇನೋ ಇದೆ. ಕೆಲವು ಪುಟಗಳಲ್ಲಿ ‘ಇಎನ್-ಯುಎಸ್’. ಕೆಲವು ಕನ್ನಡ ಪುಟಗಳಲ್ಲಿ ‘ಕೆಎ’. ಕೊಂಕಣಿ ಪುಟಗಳಲ್ಲಿ ‘ಕೆಓ’. ತುಳುವಿಗೆ ಏನೂ ಇಲ್ಲ, ಖಾಲಿ. (ಕೋಡುಗಳನ್ನು ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳೇ.)

ತೊಂದರೆಗಳು ಈಗ ಒಂದೊಂದೇ ಹೊರಗೆ ಬರುತ್ತಿವೆ. ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಬಳಸುವ ಓದುಗರೊಬ್ಬರು ಫೋನ್ ಮಾಡಿ, ಒಂದು ಪುಟವೂ ನೆಟ್ಟಗೆ ಓದಲ್ಲ ಅಂದರು. ಏಪ್ರಿಲ್ 3ಕ್ಕೆ ಇಟ್ಟ ಸಭೆ ಸೈಟಿನಲ್ಲಿ 4/3 ಎಂದು ಬಂತು, ಕೆಲವರು ಅದನ್ನು ಮಾರ್ಚ್ 4 ಅಂದುಕೊಂಡರು. ದೇಣಿಗೆಯ ಲೆಕ್ಕದಲ್ಲಿ 1,25,000 ಇರಬೇಕಾದ ಕಡೆ 125,000 ಇದೆ. ಶೀರ್ಷಿಕೆಗಳ ಪಟ್ಟಿಯಲ್ಲಿ ‘ಬಳೆ’ ಹೋಗಿ ‘ಬಸವ’ದ ಮುಂದೆ ಕೂತಿದೆ. ಹಿರಿಯ ಸಂಪಾದಕರಿಗೆ ಇದು ಸುತಾರಾಂ ಒಪ್ಪಿಗೆ ಇಲ್ಲ.

ಇದಕ್ಕೆಲ್ಲ ಒಂದೇ ಕಾರಣವೋ, ಬೇರೆ ಬೇರೆಯೋ? ತುಳು, ಕೊಂಕಣಿಗೆ ಸರಿಯಾದ ಟ್ಯಾಗ್ ಯಾವುದು?

ಮಲೆನಾಡ ಕೋಡರ್

ಕಾರಣ ಎರಡು. ಬರಹ ಯಾವ ಭಾಷೆಯದು ಅಂತ ಹೇಳುವುದು ಟ್ಯಾಗ್. ದಿನಾಂಕ, ಸಂಖ್ಯೆ, ಅಕಾರಾದಿ ಇವನ್ನೆಲ್ಲ ಯಾವ ರೂಢಿಯಲ್ಲಿ ತೋರಿಸಬೇಕು ಅಂತ ಹೇಳುವುದು ಲೊಕೇಲ್. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಥರದ ಕೋಡ್ ಬಳಸುವುದರಿಂದ ಜನ ಕಲಸಿಬಿಡುತ್ತಾರೆ. ನಿಮ್ಮ ಸೈಟಿನಲ್ಲಿ ಆಗಿರುವುದೂ ಅದೇ. ಮೊದಲು ಟ್ಯಾಗ್ ವಿಷಯ ಮುಗಿಸೋಣ.

‘ಇಎನ್-ಯುಎಸ್’ ಅಂದರೆ ಅಮೆರಿಕದ ಇಂಗ್ಲಿಷ್. ‘ಕೆಎ’ ಕನ್ನಡ ಅಲ್ಲ, ಜಾರ್ಜಿಯನ್ ಭಾಷೆ. ಗಾಡಿ ನಂಬರಿನಲ್ಲಿ ಕರ್ನಾಟಕಕ್ಕೆ ಕೆಎ ಇರುವುದರಿಂದ ಕೈ ಹಾಗೇ ಹೋಗುತ್ತದೆ. ‘ಕೆಓ’ ಕೊರಿಯನ್. ಕನ್ನಡಕ್ಕೆ ‘ಕೆಎನ್’. ಇದನ್ನು ದೇಶದ ಜಾಗದಲ್ಲಿ ಹಾಕಿದರೆ ಮತ್ತೆ ಎಡವಟ್ಟು. ದೊಡ್ಡಕ್ಷರದ ಕೆಎನ್ ದೇಶದ ಪಟ್ಟಿಯಲ್ಲಿ ಸೇಂಟ್ ಕಿಟ್ಸ್ ಮತ್ತು ನೆವಿಸ್. ‘ಇಎನ್-ಕೆಎನ್’ ಅಂದರೆ ಆ ದ್ವೀಪದೇಶದ ಇಂಗ್ಲಿಷ್ ಅಂತ ಅರ್ಥ. ‘ಇಎನ್-ಯುಕೆ’ ಅಂತ ಬರೆಯುವವರೂ ಬಹಳ, ಅಂಥ ಟ್ಯಾಗೇ ಇಲ್ಲ. ಬ್ರಿಟನ್ನಿಗೆ ‘ಜಿಬಿ’. ಭಾಷೆಯ ಪಟ್ಟಿಯಲ್ಲಿ ‘ಯುಕೆ’ ಉಕ್ರೇನಿಯನ್.

ತಪ್ಪು ಟ್ಯಾಗ್ ಹಾಕಿದರೆ ಯಾವ ಬ್ರೌಸರೂ ತಪ್ಪು ಅಂತ ಹೇಳುವುದಿಲ್ಲ. ಅಕ್ಷರ ಕಣ್ಣಿಗೆ ಚೆನ್ನಾಗೇ ಕಾಣುತ್ತದೆ. ಅದಕ್ಕೇ ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಹಾಗೇ ಉಳಿಯುತ್ತದೆ.

ಟ್ಯಾಗ್ ಹೇಗೆ ಕಟ್ಟಬೇಕು ಅನ್ನುವ ನಿಯಮಕ್ಕೆ ಬಿಸಿಪಿ 47 ಎಂದು ಹೆಸರು. ಈಗ ನಡೆಯುತ್ತಿರುವ ಪಠ್ಯ 2009ರ ಆರ್‌ಎಫ್‌ಸಿ 5646 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳ ಸಾಲು). ಮೊದಲು ಭಾಷೆ, ಆಮೇಲೆ ಬೇಕಿದ್ದರೆ ಲಿಪಿ, ಆಮೇಲೆ ಬೇಕಿದ್ದರೆ ದೇಶ. ನಡುವೆ ಅಡ್ಡಗೆರೆ. ಇದರಲ್ಲಿ ‘ಬೇಕಿದ್ದರೆ’ ಅನ್ನುವುದು ಮುಖ್ಯ. ಏನೂ ಹೊಸದು ಹೇಳದ ತುಂಡನ್ನು ಸುಮ್ನೆ ಸೇರಿಸಬಾರದು.

ಕನ್ನಡಕ್ಕೆ ‘ಕೆಎನ್’ ಅಷ್ಟೇ ಸಾಕು. ಕನ್ನಡ ಅಂದ ಮೇಲೆ ಲಿಪಿ ಕನ್ನಡವೇ, ಬೇರೆ ಹೇಳಬೇಡಿ ಅಂತ ಅಧಿಕೃತ ಪಟ್ಟಿಯಲ್ಲೇ ಬರೆದಿದೆ. ಕೊಂಕಣಿಗೆ ‘ಕೆಓಕೆ’. ಆದರೆ ಅದೇ ಪಟ್ಟಿಯ ಪ್ರಕಾರ ಕೊಂಕಣಿ ಅಂದರೆ ದೇವನಾಗರಿ. ಹಾಗಾಗಿ ನಿಮ್ಮ ಕೊಂಕಣಿ ಕತೆಗಳಿಗೆ ಲಿಪಿಯ ತುಂಡು ಹಾಕಲೇಬೇಕು: ‘ಕೆಓಕೆ-ಕೆಎನ್‌ಡಿಎ’. ತುಳುವಿಗೆ ಎರಡಕ್ಷರದ ಕೋಡ್ ಇಲ್ಲ, ಮೂರಕ್ಷರದ ‘ಟಿಸಿವೈ’ ಇದೆ. ಕೊಡವ ತಕ್ಕ್ ಬಂದರೆ ‘ಕೆಎಫ್‌ಎ’.

ಕಡಲತಡಿ ಓದುಗ

ಕೊಂಕಣಿಗೆ ‘ಜಿಓಎಂ’ ಅಂತಲೂ ನೋಡಿದ್ದೇನೆ. ಕೊಂಕಣಿ ವಿಕಿಪೀಡಿಯದ ವಿಳಾಸದಲ್ಲಿ ಅದೇ ಇದೆಯಲ್ಲ?

ಮಲೆನಾಡ ಕೋಡರ್

ಇದೆ. ‘ಕೆಓಕೆ’ ಕೊಂಕಣಿಯ ಎಲ್ಲ ಬಗೆಗಳನ್ನೂ ಒಟ್ಟಿಗೆ ಸೇರಿಸಿದ ಹೆಸರು. ಅದರೊಳಗೆ ಗೋವೆಯ ಕೊಂಕಣಿಗೆ ‘ಜಿಓಎಂ’ ಅಂತ ಬೇರೆ ಕೋಡ್ ಇದೆ. ಎರಡೂ ತಪ್ಪಲ್ಲ. ನಿಮ್ಮಲ್ಲಿ ಮಂಗಳೂರಿನ ಕ್ರೈಸ್ತರ ಕೊಂಕಣಿ, ಗೌಡ ಸಾರಸ್ವತರ ಕೊಂಕಣಿ ಎರಡೂ ಇರುತ್ತವೆ. ಅದನ್ನು ಗೋವೆಯದು ಅಂತ ಗುರುತು ಹಾಕುವುದಕ್ಕಿಂತ ‘ಕೆಓಕೆ’ ಮೇಲು ಅಂತ ನನ್ನ ಅಭಿಪ್ರಾಯ. ಯಾವುದನ್ನು ಹಾಕಿದರೂ ಇಡೀ ಸೈಟಿನಲ್ಲಿ ಒಂದೇ ಇರಲಿ. ಅರ್ಧ ಅದು, ಅರ್ಧ ಇದು ಆದರೆ ಹುಡುಕುವಾಗ ಅರ್ಧ ಕತೆಗಳು ಸಿಗುವುದಿಲ್ಲ.

ದನಿಯಲ್ಲಿ ಓದುವವ

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅದರ ಜೊತೆ ಈಸ್ಪೀಕ್ ದನಿ ಬಳಸುತ್ತೇನೆ. ಈ ವಿಷಯ ನನಗೆ ದಿನನಿತ್ಯದ್ದು, ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ರೀನ್ ರೀಡರಿಗೆ ಪುಟ ಹೇಗೆ ಕಾಣುತ್ತದೆ ಅನ್ನುವುದು ಗೊತ್ತಿಲ್ಲ. ಅದಕ್ಕೆ ಸಿಗುವುದು ಅಕ್ಷರ ಮತ್ತು ಟ್ಯಾಗ್. ಪುಟ ‘ನಾನು ಇಂಗ್ಲಿಷ್’ ಅಂದರೆ ಅದು ಇಂಗ್ಲಿಷ್ ದನಿಯನ್ನೇ ಕರೆಯುತ್ತದೆ. ಆ ದನಿಗೆ ಕನ್ನಡ ಅಕ್ಷರ ಓದಲು ಬರದು. ಕೆಲವು ದನಿಗಳು ಇಡೀ ಸಾಲನ್ನೇ ಹಾರಿಸಿ ಮುಂದೆ ಹೋಗುತ್ತವೆ. ಪುಟ ಖಾಲಿ ಇದೆಯೋ ಏನೋ ಅಂತ ಕೇಳುವವನಿಗೆ ಅನ್ನಿಸುತ್ತದೆ. ಕೆಲವು ದನಿಗಳು ಒಂದೊಂದೇ ಅಕ್ಷರದ ಹೆಸರು ಹೇಳುತ್ತವೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಮೊದಲ ಪದ ಮರೆತುಹೋಗಿರುತ್ತದೆ.

ಅಕ್ಷರ ನೋಡಿಯೇ ಕನ್ನಡ ಅಂತ ಗೊತ್ತಾಗಲ್ವಾ ಅಂತ ಕೆಲವರು ಕೇಳುತ್ತಾರೆ. ಕೆಲವು ತಂತ್ರಾಂಶಗಳು ಹಾಗೆ ಮಾಡುತ್ತವೆ ಕೂಡ. ಆದರೆ ಅಂಕಿಗಳನ್ನು ನೋಡಿ. ‘1956’ ಅನ್ನುವುದರಲ್ಲಿ ಕನ್ನಡದ್ದು ಅಂತ ಹೇಳುವ ಗುರುತು ಒಂದೂ ಇಲ್ಲ. ಟ್ಯಾಗ್ ‘ಕೆಎನ್’ ಇದ್ದರೆ ‘ಸಾವಿರದ ಒಂಬೈನೂರ ಐವತ್ತಾರು’ ಎಂದು ಕೇಳುತ್ತದೆ. ‘ಇಎನ್’ ಇದ್ದರೆ ಕನ್ನಡ ವಾಕ್ಯದ ನಡುವೆ ‘ನೈನ್‌ಟೀನ್ ಫಿಫ್ಟಿ ಸಿಕ್ಸ್’ ಬಂದು ಕೂರುತ್ತದೆ. ಬರೀ ಅಂಕಿ ಇರುವ ಕೋಷ್ಟಕ, ದಿನಾಂಕ, ಫೋನ್ ನಂಬರ್, ಎಲ್ಲದಕ್ಕೂ ಇದೇ ಪಾಡು. ಅಲ್ಲಿ ಟ್ಯಾಗ್ ಬಿಟ್ಟು ಬೇರೆ ದಾರಿಯೇ ಇಲ್ಲ.

ಇದು ಯಾರಾದರೂ ದೊಡ್ಡ ಮನಸ್ಸು ಮಾಡಿ ಕೊಡುವ ಸೌಲಭ್ಯ ಅಲ್ಲ. ವೆಬ್ ಪುಟಗಳು ಎಲ್ಲರಿಗೂ ಎಟುಕಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮಗಳಲ್ಲಿ 3.1.1ನೆಯದು ಪುಟದ ಭಾಷೆ ಹೇಳಿ ಅನ್ನುತ್ತದೆ. ಅದು ಕನಿಷ್ಠ ಮಟ್ಟದ್ದು. 3.1.2ನೆಯದು ಪುಟದೊಳಗೆ ಬೇರೆ ಭಾಷೆಯ ಭಾಗ ಬಂದರೆ ಅದನ್ನೂ ಹೇಳಿ ಅನ್ನುತ್ತದೆ. ಅದು ಎರಡನೇ ಮಟ್ಟ. ಕನ್ನಡ ಲೇಖನದ ನಡುವೆ ತುಳು ಕವಿತೆ ಇದ್ದರೆ ಆ ಕವಿತೆಗೆ ಬೇರೆ ಟ್ಯಾಗ್ ಬೇಕು. ಕನ್ನಡದಲ್ಲಿ ಬಳಕೆಯಾಗಿಬಿಟ್ಟ ‘ಬಸ್ಸು’, ‘ಟಿಕೆಟ್’ ಥರದ ಪದಗಳಿಗೆ ಬೇಡ. ಅವು ಈಗ ಕನ್ನಡವೇ.

ದೂರದೂರು

ತುಳು ವಿಷಯದಲ್ಲಿ ಒಂದು ಅನುಮಾನ. ತುಳುವಿಗೆ ‘ಟಿಸಿವೈ’ ಹಾಕಿದರೆ ಅದನ್ನು ಓದುವ ದನಿ ಎಲ್ಲಿದೆ? ನಮ್ಮ ಅತ್ತೆ ತುಳುವಿನವರು. ಅವರ ಫೋನಿನ ದನಿಗಳ ಪಟ್ಟಿಯಲ್ಲಿ ತುಳು ಇಲ್ಲ. ಕನ್ನಡ ದನಿಯಲ್ಲಿ ತುಳು ಓದಿಸಿದರೆ ಉಚ್ಚಾರ ಅಷ್ಟು ಸರಿ ಇರಲ್ಲ, ಆದರೂ ಅವರಿಗೆ ಅರ್ಥ ಆಗುತ್ತದೆ. ಹಾಗಿದ್ದರೆ ತುಳುವಿಗೂ ‘ಕೆಎನ್’ ಹಾಕಿಬಿಡುವುದು ಓದುಗರಿಗೆ ಉಪಕಾರ ಅಲ್ವಾ?

ಮಲೆನಾಡ ಕೋಡರ್

ಈ ಪ್ರಶ್ನೆಗೆ ಎರಡೂ ಕಡೆ ನ್ಯಾಯ ಇದೆ. ಟ್ಯಾಗ್ ಹೊಂದಿಸುವ ನಿಯಮ ಆರ್‌ಎಫ್‌ಸಿ 4647ರಲ್ಲಿದೆ. ಅದು ಟ್ಯಾಗಿನ ಬಾಲವನ್ನು ಒಂದೊಂದೇ ತುಂಡು ಕತ್ತರಿಸುತ್ತಾ ಹೋಗುತ್ತದೆ. ‘ಟಿಸಿವೈ-ಕೆಎನ್‌ಡಿಎ’ ಸಿಗದಿದ್ದರೆ ‘ಟಿಸಿವೈ’ ಹುಡುಕುತ್ತದೆ. ಅದೂ ಸಿಗದಿದ್ದರೆ ಡೀಫಾಲ್ಟಿಗೆ ಹೋಗುತ್ತದೆ. ತುಳು ಇಲ್ಲದಿದ್ದರೆ ಕನ್ನಡ ನೋಡು ಅಂತ ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಹಾಗಾಗಿ ನೀವು ಹೇಳುವ ತೊಂದರೆ ನಿಜ.

ಆದರೂ ತುಳುವನ್ನು ಕನ್ನಡ ಅಂತ ಬರೆಯುವುದಕ್ಕೆ ನನ್ನ ವಿರೋಧ ಇದೆ. ಟ್ಯಾಗ್ ಇಂದಿನ ಒಂದು ದನಿಗಾಗಿ ಇರುವುದಲ್ಲ. ಹುಡುಕಾಟ, ಪದಪಟ್ಟಿ, ಕಾಗುಣಿತ ತಿದ್ದುವ ತಂತ್ರಾಂಶ, ಮುಂದೆ ಯಾರಾದರೂ ಮಾಡಬಹುದಾದ ತುಳು ದನಿ, ಇವೆಲ್ಲ ಆ ಟ್ಯಾಗನ್ನೇ ನಂಬುತ್ತವೆ. ಕನ್ನಡದ ಪಠ್ಯ ಒಟ್ಟುಮಾಡುವವರು ನಿಮ್ಮ ತುಳು ಕವಿತೆಗಳನ್ನೂ ಬಾಚಿಕೊಂಡು ಹೋದರೆ ಎರಡೂ ಭಾಷೆಗೆ ನಷ್ಟ. ತುಳುವಿಗೆ ಬರಹದ ರೂಪದಲ್ಲಿ ಇರುವುದೇ ಕಮ್ಮಿ. ಅದರಲ್ಲಿ ಗುರುತು ತಪ್ಪಿದ್ದನ್ನು ಮತ್ತೆ ಹೆಕ್ಕಿ ತೆಗೆಯುವವರು ಯಾರು? ಲಿಪಿ ಒಂದೇ ಆದ್ದರಿಂದ ಯಂತ್ರಕ್ಕೆ ಬೇರ್ಪಡಿಸುವುದೂ ಕಷ್ಟ.

ದನಿಯಲ್ಲಿ ಓದುವವ

ನಾನೂ ‘ಟಿಸಿವೈ’ ಪರ. ನನ್ನ ಕಂಪ್ಯೂಟರಿನಲ್ಲಿ, ದನಿ ಇಲ್ಲದ ಭಾಷೆ ಎದುರಾದರೆ ನಾನು ಆರಿಸಿಟ್ಟ ಡೀಫಾಲ್ಟ್ ದನಿಯೇ ಓದುತ್ತದೆ. ನನ್ನ ಡೀಫಾಲ್ಟ್ ಕನ್ನಡ. ಹಾಗಾಗಿ ‘ಟಿಸಿವೈ’ ಪುಟ ಕನ್ನಡ ದನಿಯಲ್ಲೇ ಕೇಳುತ್ತದೆ. ಡೀಫಾಲ್ಟ್ ಇಂಗ್ಲಿಷ್ ಇಟ್ಟುಕೊಂಡವರಿಗೆ ತೊಂದರೆ ಆಗುತ್ತದೆ, ನಿಜ. ಆದರೆ ಅದನ್ನು ಅವರು ಬದಲಾಯಿಸಿಕೊಳ್ಳಬಹುದು. ಟ್ಯಾಗೇ ಸುಳ್ಳು ಹೇಳಿದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಮಲೆನಾಡ ಕೋಡರ್

ಸರಿಯಾಗಿ ಹೇಳಿದಿರಿ. ಇದಕ್ಕೆ ಒಂದು ಮಧ್ಯದ ದಾರಿಯೂ ಇದೆ. ಸೈಟಿನಲ್ಲಿ ‘ಓದಿ ಹೇಳು’ ಗುಂಡಿ ಇಡುವುದಾದರೆ, ಆ ಗುಂಡಿಯ ಕೋಡ್ ನಿಮ್ಮದೇ. ಬರಹದ ಟ್ಯಾಗ್ ‘ಟಿಸಿವೈ’ ಆಗಿಯೇ ಇರಲಿ. ದನಿ ಕರೆಯುವ ಸಾಲಿನಲ್ಲಿ ಮಾತ್ರ, ತುಳು ದನಿ ಇದ್ದರೆ ಅದನ್ನು, ಇಲ್ಲದಿದ್ದರೆ ‘ಕೆಎನ್-ಐಎನ್’ (ಭಾರತದ ಕನ್ನಡ) ದನಿಯನ್ನು ತೆಗೆದುಕೋ ಅಂತ ಬರೆಯಿರಿ. ದೂರದೂರು ಅವರ ಅತ್ತೆಯವರಿಗೂ ಅನುಕೂಲ, ಬರಹದ ಗುರುತೂ ಕೆಡುವುದಿಲ್ಲ.

ಇನ್ನೊಂದು ಮಾತು. ತುಳುವಿಗೆ ಲಿಪಿಯ ತುಂಡು ಈಗ ಮೊದಲಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. 2024ರಲ್ಲಿ ಬಂದ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಪಟ್ಟಿ) 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದೆ. ಅದರ ಲಿಪಿ ಕೋಡ್ ‘ಟಿಯುಟಿಜಿ’. ಮುಂದೆ ಒಂದೇ ಕವಿತೆಯನ್ನು ಎರಡೂ ಲಿಪಿಯಲ್ಲಿ ಕೊಡುವ ಆಸೆ ಇದ್ದರೆ ಈಗಲೇ ‘ಟಿಸಿವೈ-ಕೆಎನ್‌ಡಿಎ’ ಅಂತ ಹಾಕಿಡಿ.

ಸರ್ವರ್ ನೋಡಿಕೊಳ್ಳುವಾಕೆ

ದಿನಾಂಕ, ಅಕಾರಾದಿ ವಿಷಯಕ್ಕೆ ನಾನು ಬರುತ್ತೇನೆ.

ನಿಮ್ಮ ಸರ್ವರ್ ಲಿನಕ್ಸ್ ಇರಬೇಕು. ಅಲ್ಲಿ ಲೊಕೇಲನ್ನು ಅಡಿಗೆರೆ ಹಾಕಿ ಬರೆಯುತ್ತಾರೆ: ‘ಕೆಎನ್_ಐಎನ್’, ಅದರ ಮುಂದೆ ಚುಕ್ಕಿ, ಯುಟಿಎಫ್-8. ವೆಬ್ ಟ್ಯಾಗಿನಲ್ಲಿ ಅಡ್ಡಗೆರೆ, ಇಲ್ಲಿ ಅಡಿಗೆರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಲೊಕೇಲ್ ಒಂದೇ ಗಂಟು ಅಲ್ಲ, ಬಿಡಿ ಬಿಡಿ. ಎಲ್‌ಸಿ_ಟೈಮ್ ದಿನಾಂಕಕ್ಕೆ, ಎಲ್‌ಸಿ_ನ್ಯೂಮರಿಕ್ ಸಂಖ್ಯೆಗೆ, ಎಲ್‌ಸಿ_ಕೊಲೇಟ್ ಅಕಾರಾದಿಗೆ, ಎಲ್‌ಸಿ_ಮೆಸೇಜಸ್ ಸಂದೇಶಗಳ ಭಾಷೆಗೆ. ಲ್ಯಾಂಗ್ ಅನ್ನುವುದು ಬೇರೇನೂ ಹೇಳದಿದ್ದಾಗ ಬಳಸುವ ಆಯ್ಕೆ. ಎಲ್‌ಸಿ_ಆಲ್ ಇಟ್ಟರೆ ಮಿಕ್ಕ ಎಲ್ಲದರ ಬಾಯಿ ಮುಚ್ಚುತ್ತದೆ. ಪರೀಕ್ಷೆ ಮಾಡುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಅದನ್ನು ಮುಟ್ಟಬೇಡಿ.

ಆದರೆ ನನ್ನ ಮುಖ್ಯ ಸಲಹೆ ಬೇರೆ. ಓದುಗರಿಗೆ ಕಾಣುವ ದಿನಾಂಕ ಸರ್ವರ್ ಲೊಕೇಲಿನ ಮೇಲೆ ನಿಂತಿರಲೇಬಾರದು. ಇವತ್ತು ಒಬ್ಬರು ಸರ್ವರ್ ಬದಲಿಸುತ್ತಾರೆ, ಹೊಸದು ಅಮೆರಿಕದ ಇಂಗ್ಲಿಷಿನಲ್ಲಿ ಎದ್ದು ಕೂರುತ್ತದೆ, ನಿಮ್ಮ ಏಪ್ರಿಲ್ 3 ಮತ್ತೆ 4/3 ಆಗುತ್ತದೆ. ಡೇಟಾಬೇಸಿನಲ್ಲಿ ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಇಡಿ. ತೋರಿಸುವಾಗ ಮಾತ್ರ ‘ಕೆಎನ್’ ಲೊಕೇಲನ್ನು ಹೆಸರು ಹಿಡಿದು ಕೇಳಿ. ಜಾಹೀರಾತು, ಆಮಂತ್ರಣ ಇಂಥ ಕಡೆ ತಿಂಗಳನ್ನು ಅಕ್ಷರದಲ್ಲಿ ತೋರಿಸಿ. ‘3 ಏಪ್ರಿಲ್’ ಅಂದರೆ ಬೆಂಗಳೂರಿನಲ್ಲೂ ಬೋಸ್ಟನ್ನಿನಲ್ಲೂ ಒಂದೇ. ಇಂಗ್ಲಿಷ್ ಪುಟಗಳಿಗೆ ‘ಇಎನ್-ಐಎನ್’ ಹಾಕಿ, 1,25,000 ತಾನಾಗಿ ಬರುತ್ತದೆ. ಇಲ್ಲಿ ಮಾತ್ರ ದೇಶದ ತುಂಡಿಗೆ ಕೆಲಸ ಇದೆ, ಯಾಕೆಂದರೆ ಇಂಗ್ಲಿಷಿನಲ್ಲಿ ಅಮೆರಿಕದ ರೂಢಿ ಬೇರೆ, ನಮ್ಮ ರೂಢಿ ಬೇರೆ.

ಟ್ಯಾಗುಗಳನ್ನು ಹೋಲಿಸುವ ಕೋಡ್ ಬರೆಯುವವರಿಗೆ ಒಂದು ಎಚ್ಚರಿಕೆ. ಟ್ಯಾಗಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಇಲ್ಲ. ಹಾಗಾಗಿ ಎಲ್ಲರೂ ಮೊದಲು ಚಿಕ್ಕಕ್ಷರ ಮಾಡಿಕೊಂಡು ಹೋಲಿಸುತ್ತಾರೆ. ಟರ್ಕಿ ಭಾಷೆಯ ಲೊಕೇಲಿನಲ್ಲಿ ದೊಡ್ಡಕ್ಷರದ ಐ ಚಿಕ್ಕದಾದಾಗ ಅದರ ತಲೆಯ ಚುಕ್ಕಿ ಇರುವುದಿಲ್ಲ. ಅದು ಬೇರೆಯೇ ಅಕ್ಷರ. ಭಾರತದ ಕೋಡ್ ‘ಐಎನ್’ ಶುರುವಾಗುವುದೇ ಆ ಅಕ್ಷರದಿಂದ. ಟರ್ಕಿ ಲೊಕೇಲ್ ಇಟ್ಟ ಕಂಪ್ಯೂಟರಿನಲ್ಲಿ ‘ಕೆಎನ್-ಐಎನ್’ ತನಗೆ ತಾನೇ ಹೊಂದದೆ ಹೋಗುತ್ತದೆ. ಇಂಥ ಕಡೆ ಬಳಕೆದಾರರ ಲೊಕೇಲ್ ಬಿಟ್ಟು, ಯಾವ ಭಾಷೆಗೂ ಸೇರದ ರೀತಿಯಲ್ಲಿ ಅಕ್ಷರ ಬದಲಿಸಬೇಕು. ಹೆಚ್ಚಿನ ಭಾಷೆಗಳಲ್ಲಿ ಅದಕ್ಕೆ ಬೇರೆ ಆಯ್ಕೆ ಇದ್ದೇ ಇದೆ.

ಕಡಲತಡಿ ಓದುಗ

ಧನ್ಯವಾದ ಮೇಡಂ. ದಿನಾಂಕದ್ದು ಅರ್ಥ ಆಯಿತು. ‘ಬಳೆ’ ಯಾಕೆ ಮುಂದೆ ಬರುತ್ತದೆ? ಡೇಟಾಬೇಸ್ ಪೋಸ್ಟ್‌ಗ್ರೆಸ್.

ಸರ್ವರ್ ನೋಡಿಕೊಳ್ಳುವಾಕೆ

ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. ಯೂನಿಕೋಡಿನಲ್ಲಿ ಳ ಇರುವುದು ಲ ಆದ ಮೇಲೆ, ವ ಬರುವ ಮೊದಲು. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ‘ಬಲೆ, ಬಳೆ, ಬಸವ, ಬಹಳ’ ಎಂದು ಬರುತ್ತದೆ. ನಿಮ್ಮ ಸಂಪಾದಕರಿಗೆ ಬೇಕಾಗಿರುವುದು ‘ಬಲೆ, ಬಸವ, ಬಹಳ, ಬಳೆ’. ಅವರು ಹೇಳುವುದೇ ಸರಿ.

ಹಳಗನ್ನಡದ ೞ ಇನ್ನೂ ದೂರ ಹೋಗಿದೆ. ವ್ಯಂಜನಗಳೆಲ್ಲ ಮುಗಿದು, ಕಾಗುಣಿತದ ಚಿಹ್ನೆಗಳೂ ಮುಗಿದ ಮೇಲೆ ಅದರ ಜಾಗ. ಅದಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಟ್ಟಿರುವ ಹೆಸರು ‘ಕನ್ನಡ ಲೆಟರ್ ಎಫ್‌ಎ’. ತಪ್ಪು ಅಂತ ಎಲ್ಲರಿಗೂ ಗೊತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದು ಅನ್ನುವ ನಿಯಮ ಇರುವುದರಿಂದ ಹಾಗೇ ಉಳಿದಿದೆ.

ಪೋಸ್ಟ್‌ಗ್ರೆಸ್ ಅಂದಿರಲ್ಲ, ಸರ್ವರ್ ಎಷ್ಟು ಹಳೆಯದು? 2018ರ ಆಗಸ್ಟಿನಲ್ಲಿ ಜಿಲಿಬ್‌ಸಿ (ಲಿನಕ್ಸಿನ ಮೂಲ ಲೈಬ್ರರಿ) 2.28 ಬಂತು. ಅದರಲ್ಲಿ ಅಕಾರಾದಿಯ ಕೋಷ್ಟಕಗಳನ್ನು ದೊಡ್ಡ ಮಟ್ಟದಲ್ಲಿ ಬದಲಿಸಿದರು. ಡೆಬಿಯನ್ 10, ರೆಡ್ ಹ್ಯಾಟ್ 8 ಅನ್ನುವ ಲಿನಕ್ಸ್ ಆವೃತ್ತಿಗಳು ಬಂದಾಗ ಆ ಬದಲಾವಣೆ ಬಹಳ ಸರ್ವರುಗಳಿಗೆ ತಲುಪಿತು. ಪೋಸ್ಟ್‌ಗ್ರೆಸ್ ಅಕಾರಾದಿಗೆ ಜಿಲಿಬ್‌ಸಿಯನ್ನು ನಂಬಿಕೊಂಡಿದ್ದರೆ, ಹಳೆಯ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಜೋಡಿಸಿಟ್ಟುಕೊಳ್ಳುವ ಸೂಚಿ) ಹಳೆಯ ಕ್ರಮದಲ್ಲಿ ಇರುತ್ತದೆ, ಹುಡುಕಾಟ ಹೊಸ ಕ್ರಮದಲ್ಲಿ ನಡೆಯುತ್ತದೆ. ಆಗ ಪದ ಕೋಷ್ಟಕದಲ್ಲಿ ಇದ್ದರೂ ಹುಡುಕಿದರೆ ಸಿಗುವುದಿಲ್ಲ. ಒಂದೇ ಇರಬೇಕಾದ ಹೆಸರು ಎರಡು ಸಲ ಸೇರಿಬಿಡುತ್ತದೆ. ಎಲ್ಲೂ ಎರರ್ ಬರಲ್ಲ. ಇದು ಕನ್ನಡಕ್ಕೆ ಮಾತ್ರ ಆದದ್ದಲ್ಲ, ಲೋಕದ ತುಂಬ ಆಯಿತು. ನಿಮ್ಮ ಡೇಟಾಬೇಸ್ ಆ ಬದಲಾವಣೆಗಿಂತ ಹಿಂದಿನ ಸರ್ವರಿನಿಂದ ಫೈಲ್ ಸಮೇತ ಎತ್ತಿಕೊಂಡು ಬಂದದ್ದಾದರೆ, ಪಠ್ಯದ ಇಂಡೆಕ್ಸುಗಳನ್ನೆಲ್ಲ ಒಮ್ಮೆ ಹೊಸದಾಗಿ ಕಟ್ಟಿಸಿ. ಬೇರೆ ಏನು ಮಾಡುವ ಮೊದಲೂ ಇದನ್ನು ಮಾಡಿ. ಬ್ಯಾಕಪ್ ತೆಗೆದಿಟ್ಟುಕೊಂಡೇ ಶುರುಮಾಡಿ.

ಅಚ್ಚುಮೊಳೆ

ನಾನು ಪುಸ್ತಕ ಪುಟವಿನ್ಯಾಸ ಮಾಡುವವನು. ವೆಬ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಿಮ್ಮಲ್ಲಿ ಟೈಪ್ ಮಾಡುವವರ ಕಡೆ ಏನಾಗುತ್ತದೆ ಅಂತ ಹೇಳುತ್ತೇನೆ.

ಮೊದಲನೆಯದು, ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು. ಯೂನಿಕೋಡ್ ಅಲ್ಲದ ಆ ಫೈಲುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತದೆ. ಅದಕ್ಕೆ ಎಷ್ಟು ಸಲ ‘ಕನ್ನಡ’ ಅಂತ ಭಾಷೆ ಹಾಕಿದರೂ ಪ್ರಯೋಜನ ಇಲ್ಲ. ಹುಡುಕಲು ಬರದು, ಓದಿಸಲು ಬರದು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಕಣ್ಣಲ್ಲಿ ನೋಡಿ ತಿದ್ದಿ, ಆಮೇಲೆ ಟ್ಯಾಗ್ ಹಾಕಿ. ಈ ಕ್ರಮ ತಿರುವುಮುರುವು ಆದರೆ ಎರಡು ಸಲ ಕೆಲಸ.

ಎರಡನೆಯದು, ಲಿಬ್ರೆಆಫೀಸ್. ಅದು ಬರಹವನ್ನು ಮೂರು ಗುಂಪು ಮಾಡಿಕೊಂಡಿರುತ್ತದೆ: ಪಾಶ್ಚಾತ್ಯ, ಪೂರ್ವ ಏಷ್ಯಾ, ಕಾಂಪ್ಲೆಕ್ಸ್. ಕನ್ನಡ ಬರುವುದು ಮೂರನೆಯದರಲ್ಲಿ. ಪಾಶ್ಚಾತ್ಯ ಗುಂಪಿನಲ್ಲಿ ಭಾಷೆ ಬದಲಿಸಿದರೆ ಕನ್ನಡ ಅಕ್ಷರಕ್ಕೆ ಏನೂ ತಾಗುವುದಿಲ್ಲ. ಭಾಷೆಯ ಸೆಟ್ಟಿಂಗ್ಸಿಗೆ ಹೋಗಿ ಕಾಂಪ್ಲೆಕ್ಸ್ ಎದುರು ಕನ್ನಡ ಆರಿಸಬೇಕು. ವರ್ಡಿನಲ್ಲಿ ಬರಹ ಆಯ್ದುಕೊಂಡು ಪ್ರೂಫಿಂಗ್ ಭಾಷೆ ಹಾಕಬೇಕು. ಒಂದೊಂದು ಸಾಲಿಗೆ ಕೈಯಲ್ಲಿ ಹಾಕುವುದಕ್ಕಿಂತ ‘ತುಳು ಕವಿತೆ’, ‘ಕೊಂಕಣಿ ಕತೆ’ ಅಂತ ಸ್ಟೈಲ್ ಮಾಡಿಕೊಳ್ಳಿ. ಆಮೇಲೆ ವೆಬ್ಬಿಗೆ ತರುವಾಗ ಸ್ಟೈಲ್ ಹೆಸರು ನೋಡಿ ಟ್ಯಾಗ್ ಹಾಕುವ ಸಣ್ಣ ಪ್ರೋಗ್ರಾಂ ಸಾಕು.

ಮೂರನೆಯದು ನನ್ನ ಇಷ್ಟದ ವಿಷಯ. ಅಕ್ಷರದ ರೂಪವೇ ಟ್ಯಾಗಿನಿಂದ ಬದಲಾಗಬಹುದು. ದೇವನಾಗರಿಯಲ್ಲಿ ಮರಾಠಿಯವರು ಬರೆಯುವ ಲ, ಶ ಹಿಂದಿಯವಕ್ಕಿಂತ ಬೇರೆ. ಸಂಕೇತ ಒಂದೇ. ಚೆನ್ನಾಗಿ ಮಾಡಿದ ಫಾಂಟಿಗೆ ‘ಇದು ಮರಾಠಿ’ ಅಂತ ಹೇಳಿದರೆ ಮರಾಠಿ ರೂಪ ಕೊಡುತ್ತದೆ. ಚೀನೀ, ಜಪಾನಿ ಬರಹಗಳಲ್ಲಿ ಇದು ಇನ್ನೂ ಜಾಸ್ತಿ. ಓಪನ್‌ಟೈಪ್ ಅನ್ನುವ ಫಾಂಟ್ ಮಾದರಿಯಲ್ಲಿ ಕನ್ನಡಕ್ಕೆ, ತುಳುವಿಗೆ, ಕೊಂಕಣಿಗೆ ಬೇರೆ ಬೇರೆ ಭಾಷಾ ಗುರುತುಗಳಿವೆ. ತುಳುವಿನ ಸ್ವರಗಳಿಗೆ ಬೇಕಾದ ವಿಶೇಷ ರೂಪಗಳನ್ನು ಫಾಂಟ್ ಮಾಡುವವರು ಆ ಗುರುತಿನಡಿ ಇಡಬಹುದು. ಟ್ಯಾಗ್ ಇಲ್ಲದಿದ್ದರೆ ಅವರು ಪಟ್ಟ ಶ್ರಮ ಪುಟಕ್ಕೆ ಬರುವುದೇ ಇಲ್ಲ. ಸಾಲಿನ ಕೊನೆಯಲ್ಲಿ ಪದ ಮುರಿಯುವುದೂ ಹಾಗೇ. ಭಾಷೆ ಹೇಳದಿದ್ದರೆ ಬ್ರೌಸರ್ ತಾನಾಗಿ ಪದ ಮುರಿಯುವುದಿಲ್ಲ. ಕನ್ನಡದ ಉದ್ದುದ್ದ ಸಮಾಸಗಳು ಮೊಬೈಲಿನಲ್ಲಿ ಬಲಗಡೆ ದೊಡ್ಡ ಖಾಲಿ ಬಿಟ್ಟು ಕೆಳಗೆ ಇಳಿಯುತ್ತವೆ.

ದೂರದೂರು

ನಾನಿರುವುದು ಅಮೆರಿಕದಲ್ಲಿ. ನಮ್ಮಂಥವರ ಪರವಾಗಿ ಒಂದು ಕೋರಿಕೆ. ನಾವು ಎಲ್ಲಿದ್ದೇವೆ ಅಂತ ನೋಡಿ ಭಾಷೆ ತೀರ್ಮಾನ ಮಾಡಬೇಡಿ. ಇಲ್ಲಿಂದ ತೆರೆದರೆ ಹಲವು ಸೈಟುಗಳು ಇಂಗ್ಲಿಷ್ ಪುಟ ತಳ್ಳುತ್ತವೆ. ಊರಿಗೆ ಬಂದಾಗ ತೆರೆದರೆ ಭಾರತ ಅಂತ ನೋಡಿ ಹಿಂದಿ ತಳ್ಳುತ್ತವೆ. ಕನ್ನಡ ಯಾವತ್ತೂ ತಾನಾಗಿ ಬರುವುದಿಲ್ಲ.

ಬ್ರೌಸರ್ ಪ್ರತಿ ಸಲವೂ ನಮ್ಮ ಭಾಷೆಗಳ ಪಟ್ಟಿಯನ್ನು ಕ್ರಮವಾಗಿ ಕಳಿಸುತ್ತದೆ. ನನ್ನದರಲ್ಲಿ ಮೊದಲು ಕನ್ನಡ, ಆಮೇಲೆ ಅಮೆರಿಕದ ಇಂಗ್ಲಿಷ್. ಸೈಟ್ ಅದನ್ನು ನೋಡಿದರೆ ಸಾಕು. ಆದರೆ ಅದನ್ನೇ ಕೊನೆಯ ಮಾತು ಮಾಡಿಕೊಳ್ಳಬೇಡಿ. ಫೋನ್ ಪೂರ್ತಿ ಇಂಗ್ಲಿಷಿನಲ್ಲಿಟ್ಟುಕೊಂಡು ಕನ್ನಡ ಓದುವವರು ಬಹಳ ಜನ. ಪ್ರತಿ ಪುಟದಲ್ಲೂ ‘ಕನ್ನಡ, ತುಳು, ಕೊಂಕಣಿ, ಇಂಗ್ಲಿಷ್’ ಅಂತ ಆಯಾ ಭಾಷೆಯಲ್ಲೇ ಬರೆದ ಕೊಂಡಿ ಇಡಿ. ಬಾವುಟದ ಚಿತ್ರ ಇಡಬೇಡಿ. ತುಳುವಿಗೆ ಯಾವ ದೇಶದ ಬಾವುಟ ಇಡುತ್ತೀರಿ? ಒಮ್ಮೆ ಆರಿಸಿದ್ದನ್ನು ನೆನಪಿಟ್ಟುಕೊಳ್ಳಿ.

ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರಲ್ಲ. ಅವಳಿಗಾಗಿ ಕೆಲವು ಕವಿತೆಗಳನ್ನು ಇಂಗ್ಲಿಷ್ ಅಕ್ಷರದಲ್ಲೂ ಹಾಕುವ ಯೋಚನೆ ಇದೆಯಾ? ಇದ್ದರೆ ಅದರ ಟ್ಯಾಗ್ ಯಾವುದು?

ಮಲೆನಾಡ ಕೋಡರ್

‘ಕೆಎನ್-ಎಲ್‌ಎಟಿಎನ್’. ಭಾಷೆ ಕನ್ನಡ, ಲಿಪಿ ರೋಮನ್. ‘ಇಎನ್’ ಹಾಕಬೇಡಿ, ಅದು ಇಂಗ್ಲಿಷ್ ಅಲ್ಲ.

ಅಂಕಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಹಳೆಯ ಸಂಚಿಕೆಗಳಲ್ಲಿ ‘೧೯೫೬’ ಅಂತ ಕನ್ನಡ ಅಂಕಿ ಇರುತ್ತದೆ. ಓದುಗರು ಹುಡುಕುವುದು ‘1956’ ಅಂತ. ಮೂಲ ಪಠ್ಯದಲ್ಲಿ ಅಚ್ಚಾದಂತೆಯೇ ಇರಲಿ, ತಿದ್ದಬೇಡಿ. ಹುಡುಕಾಟದ ಇಂಡೆಕ್ಸಿನಲ್ಲಿ ಮಾತ್ರ ಎರಡನ್ನೂ ಒಂದೇ ಅಂತ ಮಾಡಿ. ನೀವು ಹೊಸದಾಗಿ ತೋರಿಸುವ ದಿನಾಂಕಗಳು ಕನ್ನಡ ಅಂಕಿಯಲ್ಲಿ ಬೇಕಿದ್ದರೆ ಲೊಕೇಲಿಗೆ ಬಾಲ ಸೇರಿಸಬಹುದು: ‘ಕೆಎನ್-ಯು-ಎನ್‌ಯು-ಕೆಎನ್‌ಡಿಎ’. ಬಾಲ ಇಲ್ಲದಿದ್ದರೆ ಕನ್ನಡ ಲೊಕೇಲ್ ಕೊಡುವುದು 1, 2, 3.

ಕಡಲತಡಿ ಓದುಗ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ನಾವೆಲ್ಲ ಕೂತು ಮಾತಾಡಿದೆವು. ಕನ್ನಡಕ್ಕೆ ‘ಕೆಎನ್’, ತುಳುವಿಗೆ ‘ಟಿಸಿವೈ-ಕೆಎನ್‌ಡಿಎ’, ಕೊಂಕಣಿಗೆ ‘ಕೆಓಕೆ-ಕೆಎನ್‌ಡಿಎ’ ಅಂತ ತೀರ್ಮಾನ ಆಗಿದೆ. ತುಳುವಿಗೆ ‘ಕೆಎನ್’ ಸಾಕಲ್ಲ ಅಂತ ಒಬ್ಬರು ಪಟ್ಟು ಹಿಡಿದಿದ್ದರು. ದನಿಯಲ್ಲಿ ಓದುವವರು ಬರೆದದ್ದನ್ನು ತೋರಿಸಿದ ಮೇಲೆ ಒಪ್ಪಿದರು. ಟೈಪ್ ಮಾಡುವವರಿಗೆ ಮೂರು ಸ್ಟೈಲ್ ಮಾಡಿ ಕೊಟ್ಟಿದ್ದೇವೆ. ಇಂಡೆಕ್ಸ್ ಕಟ್ಟಿಸಿದ್ದೂ ಆಯಿತು, ಮೊದಲು ಹುಡುಕಿದರೆ ಸಿಗದಿದ್ದ ಕೆಲವು ಶೀರ್ಷಿಕೆಗಳು ಈಗ ಸಿಗುತ್ತಿವೆ.

ಉಳಿದದ್ದು ಎರಡು. ಒಂದು ಸಂಚಿಕೆಯಲ್ಲಿ ಹಳಗನ್ನಡ ಪದ್ಯಗಳಿವೆ, ಅವಕ್ಕೆ ಬೇರೆ ಟ್ಯಾಗ್ ಉಂಟಾ? ಇನ್ನೊಂದು, ಇಂಡೆಕ್ಸ್ ಹೊಸದಾದರೂ ‘ಬಳೆ’ ಇನ್ನೂ ‘ಬಸವ’ದ ಮುಂದೆಯೇ ಇದೆ.

ಮಲೆನಾಡ ಕೋಡರ್

ಹಳಗನ್ನಡಕ್ಕೆ ಪಟ್ಟಿಯಲ್ಲಿ ಬೇರೆ ಕೋಡ್ ಇಲ್ಲ. ‘ಕೆಎನ್’ ಹಾಕಿದರೆ ತಪ್ಪಾಗುವುದಿಲ್ಲ. ನಿಮ್ಮೊಳಗೆ ಬೇರೆ ಗುರುತು ಬೇಕೇ ಬೇಕು ಅಂದರೆ ‘ಕೆಎನ್-ಎಕ್ಸ್-ಹಳೆ’ ಅಂತ ಹಾಕಬಹುದು. ಎಕ್ಸ್ ಆದ ಮೇಲೆ ಬರುವುದು ಖಾಸಗಿ ಗುರುತು, ಹೊರಗಿನವರು ಅದನ್ನು ಬಿಟ್ಟು ಕನ್ನಡ ಅಂತಲೇ ಓದಿಕೊಳ್ಳುತ್ತಾರೆ. ಒಂದು ತುಂಡಿನಲ್ಲಿ ಎಂಟು ಇಂಗ್ಲಿಷ್ ಅಕ್ಷರ ಮೀರಬಾರದು. ಹಾಗಾಗಿ ‘ಹಳಗನ್ನಡ’ ಅಂತ ಪೂರ್ತಿ ಹಿಡಿಸುವುದಿಲ್ಲ.

ಸರ್ವರ್ ನೋಡಿಕೊಳ್ಳುವಾಕೆ

ಇಂಡೆಕ್ಸ್ ಕಟ್ಟಿಸಿದ್ದು ಹುಡುಕಾಟ ಸರಿಹೋಗಲು ಮಾತ್ರ. ಳ ಜಾಗ ಬದಲಾಗಬೇಕಾದರೆ ಅಕಾರಾದಿಯ ನಿಯಮವನ್ನೇ ಹೇಳಬೇಕು. ನಿಮ್ಮ ಪೋಸ್ಟ್‌ಗ್ರೆಸ್ 16 ಅಥವಾ ಅದಕ್ಕಿಂತ ಹೊಸದಾದರೆ ಐಸಿಯು (ಭಾಷೆಗಳ ರೂಢಿ ತಿಳಿದಿರುವ ಲೈಬ್ರರಿ) ಆಧಾರದ ಹೊಸ ಕೊಲೇಶನ್ (ಅಕಾರಾದಿ ಕ್ರಮ) ಮಾಡಿಕೊಂಡು ಅದರ ರೂಲ್ಸ್ ಜಾಗದಲ್ಲಿ ‘&ಹ < ಳ’ ಅಂತ ಬರೆಯಬಹುದು. ಹ ಆದ ಮೇಲೆ ಳ ಇಡು ಅಂತ ಅರ್ಥ. ಅದಕ್ಕಿಂತ ಹಳೆಯದಾದರೆ ಶೀರ್ಷಿಕೆಯ ಪಕ್ಕ ಇನ್ನೊಂದು ಕಾಲಮ್ ಮಾಡಿ, ಅದರಲ್ಲಿ ಜೋಡಿಸಲು ಬೇಕಾದ ರೂಪ ಇಟ್ಟುಕೊಳ್ಳಿ. ಮೊದಲು ‘ಬಲೆ, ಬಸವ, ಬಹಳ, ಬಳೆ’ ನಾಲ್ಕೇ ಪದ ಇರುವ ಕೋಷ್ಟಕದಲ್ಲಿ ಪರೀಕ್ಷಿಸಿ, ಸಂಪಾದಕರಿಗೆ ತೋರಿಸಿ. ಅವರು ಹೂಂ ಅಂದ ಮೇಲೆ ಶೀರ್ಷಿಕೆಯ ಕಾಲಮಿಗೆ ಹಾಕಿ. ತುಳು, ಕೊಂಕಣಿ ಶೀರ್ಷಿಕೆಗಳೂ ಅದೇ ಪಟ್ಟಿಯಲ್ಲಿ ಬರುವುದರಿಂದ ಆ ಕಡೆಯ ಹಿರಿಯರನ್ನೂ ಒಮ್ಮೆ ಕೇಳಿ, ಅವರ ನಿಘಂಟುಗಳಲ್ಲಿ ಳ ಎಲ್ಲಿದೆ ಅಂತ.